ನೋಯಿಸಿದವರಲ್ಲಿಯೂ ದೇವರನ್ನು ಕಾಣಬೇಕೇ?

ಪ್ರಶ್ನೆ: ಪ್ರತಿಯೊಬ್ಬರಲ್ಲಿಯೂ ದೇವರನ್ನು ಕಾಣಬೇಕೆಂದು ಚರ್ಚಿನ ಪ್ರಸಂಗಗಳಲ್ಲಿ ಕೇಳುತ್ತಲೇ ಬಂದಿದ್ದೇನೆ. ಎಷ್ಟು ಪ್ರಯತ್ನಿಸಿದರೂ ನನಗೆ ಅಂಥ ಅನುಭವವಾಗುವುದಿಲ್ಲ. ನನ್ನನ್ನು ನೋಯಿಸಿದವರ ವಿಷಯದಲ್ಲಂತೂ ಅದು ಅಸಾಧ್ಯವೆನಿಸುತ್ತದೆ. ನನ್ನ ನಂಬಿಕೆಯಲ್ಲಿಯೇ ಕೊರತೆಯಿದೆಯೇ?

ಉತ್ತರ: ಇಲ್ಲವೆಂದೇ ಹೇಳುತ್ತೇನೆ. ಇದಕ್ಕೆ ಆಧಾರ, ಈ ಬೋಧನೆಗೆ ಎಲ್ಲರೂ ಉದಾಹರಿಸುವ, ಬೈಬಲಿನ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿಯೇ ಇದೆ. ಅಲ್ಲಿ ಅಂತಿಮ ನ್ಯಾಯತೀರ್ಪಿಗೆ ಕುಳಿತ ಅರಸನು, ಅಂದರೆ ಕ್ರಿಸ್ತನು, ತಾನು ಹಸಿದಿದ್ದಾಗ ಊಟ ಕೊಟ್ಟವರನ್ನೂ ರೋಗದಲ್ಲಿದ್ದಾಗ ಆರೈಕೆ ಮಾಡಿದವರನ್ನೂ ಸೆರೆಮನೆಯಲ್ಲಿದ್ದಾಗ ನೋಡಲು ಬಂದವರನ್ನೂ ತನ್ನ ಬಲಗಡೆಗೆ ಕರೆಯುತ್ತಾನೆ. ಆಗ ಆ ನೀತಿವಂತರು ಬೆರಗಾಗಿ, ನಾವು ನಿನ್ನನ್ನು ಯಾವಾಗ ಕಂಡೆವು ಎಂದು ಕೇಳುತ್ತಾರೆ. ಈ ಅಲ್ಪರಲ್ಲೊಬ್ಬನಿಗೆ ಮಾಡಿದ್ದು ನನಗೇ ಮಾಡಿದ್ದು ಎಂಬುದು ಅರಸನ ಉತ್ತರ. ಏನೂ ಮಾಡದೆ ಎಡಗಡೆಗೆ ನಿಂತವರು ಕೇಳುವುದೂ ಅದೇ ಪ್ರಶ್ನೆ. ಎರಡೂ ಗುಂಪಿನವರು ಅವನನ್ನು ಗುರುತಿಸಿರಲಿಲ್ಲ. ಆದರೆ ಮೊದಲಿನವರು ಎದುರಿಗಿದ್ದ ಅಲ್ಪನಿಗೆ ಬೇಕಾದದ್ದನ್ನು ಕೊಟ್ಟಿದ್ದರು, ಎರಡನೆಯವರು ಕೊಟ್ಟಿರಲಿಲ್ಲ. ಕ್ರಿಸ್ತನನ್ನು ಕಂಡ ಅನುಭವವಾಗದವರೂ ಅವನ ಸೇವೆಯನ್ನೇ ಮಾಡಿರಬಹುದೆಂಬ ಈ ಮಾತು ನನಗೆ ಇಡೀ ಸುವಾರ್ತೆಯಲ್ಲಿಯೇ ಅತ್ಯಂತ ಸಾಂತ್ವನದ ಮಾತುಗಳಲ್ಲೊಂದಾಗಿ ತೋರುತ್ತದೆ.

ಈ ಬೋಧನೆಯ ಬೇರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ: ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನು. ಮನುಷ್ಯನೇ ದೇವರೆಂದು ಇದರ ಅರ್ಥವಲ್ಲ. ಆರಾಧನೆ ಸೃಷ್ಟಿಕರ್ತನಿಗೆ ಮಾತ್ರ ಸಲ್ಲುತ್ತದೆ. ಆ ಸ್ವರೂಪವೆಂದರೆ ವಿವೇಕವೋ, ಸೃಷ್ಟಿಯನ್ನು ನೋಡಿಕೊಳ್ಳುವ ಹೊಣೆಯೋ, ಸಂಬಂಧದಲ್ಲಿ ಬಾಳುವ ಗುಣವೋ ಎಂಬ ಚರ್ಚೆ ದೇವಶಾಸ್ತ್ರಜ್ಞರಲ್ಲಿ ಹಳೆಯದು. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಮುಖ್ಯವಾದದ್ದು, ಪಾಪವು ಲೋಕವನ್ನು ಪ್ರವೇಶಿಸಿ ಜಲಪ್ರಳಯವೂ ಆಗಿಹೋದ ಬಳಿಕ, ಆದಿಕಾಂಡ 9:6ರಲ್ಲಿ ಮನುಷ್ಯನು ದೇವಸ್ವರೂಪಿಯೆಂಬ ಮಾತು ಮತ್ತೆ ಬರುತ್ತದೆ ಎಂಬುದು. ಒಳ್ಳೆಯ ನಡತೆಯಿಂದ ಗಳಿಸದ ಆ ಘನತೆಯು ಕೆಟ್ಟ ನಡತೆಯಿಂದ ಅಳಿಸಿಹೋಗುವುದಿಲ್ಲ.

ಆದರೆ ಆ ವಚನ ಯಾವ ಸಂದರ್ಭದ್ದೆಂದು ಗಮನಿಸಿ. ಅದು ರಕ್ತಪಾತವನ್ನು ಕುರಿತದ್ದು. ಕೊಲೆಯಾದವನು ದೇವಸ್ವರೂಪಿಯಾದ್ದರಿಂದಲೇ ಆ ಅಪರಾಧ ಅಷ್ಟು ಗಂಭೀರವೆನ್ನುತ್ತದೆ. ಹಾಗಾಗಿ ಈ ಬೋಧನೆ ಮೊದಲು ನಿಲ್ಲುವುದು ನೊಂದವರ ಪಕ್ಕದಲ್ಲಿ. ಹಿಂಸಿಸುವವರ ಕೈಗೆ ಸಿಗುವಂತೆ ಉಳಿಯಬೇಕು, ದೂರು ಕೊಡಬಾರದು, ಎಲ್ಲವನ್ನೂ ನುಂಗಿಕೊಂಡಿರಬೇಕು ಎಂದು ಇದರ ಹೆಸರಿನಲ್ಲಿ ಯಾರಾದರೂ ನಿಮಗೆ ಬೋಧಿಸಿದ್ದರೆ, ಅವರು ನಿಮ್ಮಲ್ಲಿರುವ ದೇವಸ್ವರೂಪವನ್ನು ಮರೆತಿದ್ದಾರೆ. ದೇವರ ಹೋಲಿಕೆಗೆ ಉಂಟುಮಾಡಲ್ಪಟ್ಟವರನ್ನು ಶಪಿಸಬಾರದೆಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಕಾಟ ಕೊಡುವವರಿಗಾಗಿ ಪ್ರಾರ್ಥಿಸಿರಿ ಎಂದು ಯೇಸು ಹೇಳುತ್ತಾನೆ. ಶಪಿಸದಿರುವುದಕ್ಕೂ ಪ್ರಾರ್ಥಿಸುವುದಕ್ಕೂ ಆ ವ್ಯಕ್ತಿಯ ಹತ್ತಿರವಿರಬೇಕಾಗಿಲ್ಲ, ಮನಸ್ಸಿನಲ್ಲಿ ಅಕ್ಕರೆ ಉಕ್ಕಬೇಕಾಗಿಯೂ ಇಲ್ಲ.

ಹಿಂದಿನವರೂ ಇದನ್ನು ಭಾವನೆಗೆ ಬಿಡದೆ ನಡತೆಯ ನಿಯಮವನ್ನಾಗಿ ಮಾಡಿದರು. 6ನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 53ನೆಯ ಅಧ್ಯಾಯವು, ಬಂದ ಅತಿಥಿಗಳೆಲ್ಲರನ್ನೂ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆನ್ನುತ್ತದೆ. ಬಡವರನ್ನೂ ಯಾತ್ರಿಕರನ್ನೂ ವಿಶೇಷವಾಗಿ ಆದರಿಸಬೇಕು, ಏಕೆಂದರೆ ಶ್ರೀಮಂತರಿಗೆ ಅವರ ಬಗೆಗಿನ ಅಂಜಿಕೆಯೇ ಮರ್ಯಾದೆಯನ್ನು ಗಳಿಸಿಕೊಡುತ್ತದೆ ಎಂದೂ ಸೇರಿಸುತ್ತದೆ. ಮನುಷ್ಯಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲ ಮಾತು! ಅದಕ್ಕೂ ಮುಂಚೆ, 4ನೆಯ ಶತಮಾನದ ಸಂತ ಜಾನ್ ಕ್ರಿಸೊಸ್ಟೊಮರು ಮತ್ತಾಯನ ಸುವಾರ್ತೆಯನ್ನು ಕುರಿತ ಪ್ರಸಂಗದಲ್ಲಿ, ದೇವಾಲಯದೊಳಗೆ ಕ್ರಿಸ್ತನನ್ನು ರೇಷ್ಮೆಯಿಂದ ಗೌರವಿಸಿ ಹೊರಗೆ ಚಳಿಯಲ್ಲಿ ಬಟ್ಟೆಯಿಲ್ಲದೆ ನಿಂತ ಅವನನ್ನೇ ಕಡೆಗಣಿಸಬೇಡಿರೆಂದು ಎಚ್ಚರಿಸಿದ್ದರು.

ಇಲ್ಲಿ ನನಗೊಂದು ಆತಂಕವೂ ಇದೆ. ದೇವರನ್ನು ಕಾಣುವ ಹಂಬಲದಲ್ಲಿ ಎದುರಿಗಿರುವ ವ್ಯಕ್ತಿಯನ್ನೇ ಕಾಣದೆಹೋಗುವುದು, ಅವರ ಕಷ್ಟವನ್ನು ನಮ್ಮ ಭಕ್ತಿಗೆ ಸಾಧನವಾಗಿಸಿಕೊಳ್ಳುವುದು ಸುಲಭ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯ ಸಮಾರ್ಯನು, ದಾರಿಯಲ್ಲಿ ಗಾಯಗೊಂಡು ಬಿದ್ದವನಲ್ಲಿ ದೇವರನ್ನು ಕಂಡನೆಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಅವನು ಗಾಯಗೊಂಡವನನ್ನು ಕಂಡು ಕನಿಕರಪಟ್ಟನು. ಎಣ್ಣೆ ಮತ್ತು ದ್ರಾಕ್ಷಾರಸವನ್ನು ಹೊಯ್ದು ಗಾಯ ಕಟ್ಟಿದನು. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟು, ಇನ್ನೂ ಹೆಚ್ಚು ಖರ್ಚಾದರೆ ಹಿಂತಿರುಗಿ ಬಂದಾಗ ತೀರಿಸುವೆನೆಂದನು.