ಲಂಗದೊಳಗಿನ ಮಂಡಿ

ಹೋದ ಭಾನುವಾರ ಜಯನಗರದ ನಮ್ಮ ಮನೆಯ ಹಾಲಿನಲ್ಲಿ ಸೋಫಾ ಗೋಡೆಗೆ ಸರಿಸಿ, ಪುಸ್ತಕದ ಕಪಾಟಿನ ಮೇಲೊಂದು ಮೊಬೈಲು, ಟಿವಿ ಪಕ್ಕದ ಸ್ಟೂಲಿನ ಮೇಲೊಂದು ಮೊಬೈಲು ನಿಲ್ಲಿಸಿದೆ. ನಡುವೆ ಅಕ್ಕನ ಮಗಳು. ಅವಳು ಭರತನಾಟ್ಯದ ಅಡವು ಮಾಡಿದ ಹಾಗೆಲ್ಲ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಕಡ್ಡಿಗೊಂಬೆ ಕುಣಿಯುತ್ತಿತ್ತು. ಅವಳ ಮೈಮೇಲೆ ವೈರಿಲ್ಲ, ಪಟ್ಟಿಯಿಲ್ಲ, ಹೊಳೆಯುವ ಗುಂಡಿಯಿಲ್ಲ. ಅಮ್ಮ ಕಾಫಿ ಲೋಟ ಹಿಡಿದು ಅಡ್ಡ ಬರುವ ತನಕ ಎಲ್ಲ ಸರಿಯಾಗಿಯೇ ಇತ್ತು.

“ಮಾಮ, ನನ್ನ ಕಾಲು ಅಜ್ಜಿಗೆ ಹೋಯ್ತು!”

ನಿಜ. ಗೊಂಬೆಯ ಮೇಲರ್ಧ ಹುಡುಗಿಯ ಹತ್ತಿರವೇ ಉಳಿದು, ಕೆಳಗಿನರ್ಧ ಅಡುಗೆಮನೆ ಕಡೆ ನಡೆದುಬಿಟ್ಟಿತ್ತು.

ಕ್ಯಾಮೆರಾಗೆ ದೇಹ ಅನ್ನುವುದು ಕಾಣುವುದೇ ಇಲ್ಲ. ಅದರ ಪಾಲಿಗೆ ಇರುವುದು ಬಣ್ಣದ ಚುಕ್ಕಿಗಳ ಸಾಲು ಮಾತ್ರ. ಇಲ್ಲಿ ಮಂಡಿ, ಅಲ್ಲಿ ಮೊಣಕೈ ಎನ್ನುವುದೆಲ್ಲ ಊಹೆ. ಆ ಊಹೆಯ ಮೇಲೆಯೇ ಈಗ ಎಕ್ಸ್‌ಆರ್ ಲೋಕ, ಅಂದರೆ ಇಡೀ ಲೋಕವನ್ನೇ ಕಟ್ಟಿ ತೋರಿಸುವ ವಿಆರ್, ಇರುವ ಲೋಕದ ಮೇಲೆ ಚಿತ್ರ ಕೂರಿಸುವ ಎಆರ್ ಎಲ್ಲ ಸೇರಿದ ಸಂಸಾರ, ನಮ್ಮನ್ನು ಒಳಗೆ ಕರೆದುಕೊಳ್ಳಲು ಹೊರಟಿದೆ. ತಲೆಗೆ ತೊಟ್ಟ ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ಕೈ ಕಾಣುತ್ತದೆ, ಕಾಲು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಎಷ್ಟೋ ವಿಆರ್ ಲೋಕಗಳಲ್ಲಿ ಜನ ಬಹಳ ದಿನ ಸೊಂಟದ ಮೇಲಷ್ಟೇ ಇದ್ದರು. ನಮ್ಮೂರಿನ ದೆವ್ವಗಳಿಗೆ ಹಿಂದುಮುಂದಾಗಿಯಾದರೂ ಪಾದ ಇರುತ್ತದೆ, ಇವಕ್ಕೆ ಅದೂ ಇಲ್ಲ!

ಮೊದಮೊದಲು ಚಲನೆ ಹಿಡಿಯಲು ಹೊರಟವರು ಮೈಗೇ ಗುರುತು ಹಚ್ಚಿದರು. 1880ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮರೇ ಜನರಿಗೆ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನುದ್ದಕ್ಕೂ ಬಿಳಿ ಪಟ್ಟಿ ಹಚ್ಚಿ, ನಡಿಗೆಯ ಫೋಟೊ ತೆಗೆದ. ಸಿನಿಮಾ ಸ್ಟುಡಿಯೋಗಳಲ್ಲಿ ನಟರು ಹಾಕಿಕೊಳ್ಳುವ ಗುಂಡಿ ಅಂಟಿಸಿದ ಬಿಗಿ ಉಡುಪು ಅದರ ಮರಿಮಗು. ಗುಂಡಿ ಕಿತ್ತು ಎಸೆಯುವ ಕೆಲಸವನ್ನು ಮನೆಮನೆಗೆ ತಂದದ್ದು 2010ರಲ್ಲಿ ಬಂದ ಮೈಕ್ರೋಸಾಫ್ಟಿನ ಕಿನೆಕ್ಟ್ ಎಂಬ ವಿಡಿಯೊ ಗೇಮ್ ಕ್ಯಾಮೆರಾ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಕೋಣೆಯ ತುಂಬ ಎರಚಿ, ಅವು ಎಷ್ಟು ಸರಿದಿವೆ ಎಂಬುದರಿಂದ ದೂರ ಅಳೆದು, ಮೈಯ 20 ಕೀಲುಗಳನ್ನು ಅದು ಗುರುತಿಸುತ್ತಿತ್ತು.

ಈಗ ಚುಕ್ಕಿ ಎರಚುವುದೂ ಬೇಡ, ಮಾಮೂಲಿ ಮೊಬೈಲ್ ಕ್ಯಾಮೆರಾ ಸಾಕು. ಸಾವಿರಾರು ಫೋಟೊಗಳ ಮೇಲೆ ಮನುಷ್ಯರೇ ಕೂತು ‘ಇದು ಭುಜ, ಇದು ಮಣಿಕಟ್ಟು’ ಎಂದು ಒಂದೊಂದಾಗಿ ಕ್ಲಿಕ್ ಮಾಡಿಟ್ಟಿದ್ದಾರೆ. ಸಂಶೋಧಕರು ಬಹಳ ಬಳಸುವ ಕೊಕೊ ಎಂಬ ಸಂಗ್ರಹದಲ್ಲಿ ಒಬ್ಬೊಬ್ಬರಿಗೆ 17 ಗುರುತು. ಇವನ್ನು ನೋಡಿ ಕಲಿತ ನ್ಯೂರಲ್ ನೆಟ್‌ವರ್ಕ್ ಎಂಬ ಕಂಪ್ಯೂಟರ್ ಪ್ರೋಗ್ರಾಮು, ಹೊಸ ಚಿತ್ರ ಕೊಟ್ಟಾಗ ಪ್ರತಿ ಕೀಲಿಗೂ ಒಂದೊಂದು ನಕ್ಷೆ ಬರೆಯುತ್ತದೆ: ಎಲ್ಲಿ ಮಂಡಿ ಇರುವ ಸಾಧ್ಯತೆ ಹೆಚ್ಚೋ ಅಲ್ಲಿ ಬೆಳಕು, ಉಳಿದ ಕಡೆ ಕತ್ತಲೆ. ಹೆಚ್ಚು ಬೆಳಕಿರುವ ಜಾಗವೇ ಮಂಡಿ. ಆಮೇಲೆ ಯಾವ ಮಂಡಿ ಯಾವ ಸೊಂಟದ್ದು ಎಂದು ಜೋಡಿಸಬೇಕು. ನಮ್ಮಮ್ಮನ ಕಾಫಿ ಕೆಡಿಸಿದ್ದು ಆ ಜೋಡಣೆಯನ್ನು.

ಇದಕ್ಕಿಂತ ದೊಡ್ಡ ತೊಡಕು ಆಳದ್ದು. ಕರೆಂಟು ಹೋದಾಗ ಮೇಣದಬತ್ತಿ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನಾಯಿ, ಜಿಂಕೆ ಆಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ದೀಪದ ಕಡೆ ಬಾಗಿದ್ದರೂ ಗೋಡೆಯ ಕಡೆ ಬಾಗಿದ್ದರೂ ನೆರಳು ಹೆಚ್ಚುಕಡಿಮೆ ಒಂದೇ. ಒಂಟಿ ಕ್ಯಾಮೆರಾದ ಚಿತ್ರವೂ ಅಂಥದ್ದೇ ನೆರಳು. ತೊಡೆ ಗಿಡ್ಡವಾಗಿ ಕಂಡರೆ ಅದು ಮುಂದಕ್ಕೆ ಬಂತೋ ಹಿಂದಕ್ಕೆ ಹೋಯಿತೋ? ಮೂಳೆಯ ಉದ್ದ ಬದಲಾಗದು, ಮಂಡಿ ಮುಂದಕ್ಕೆ ಮಡಚುವುದಿಲ್ಲ ಎಂಬಂಥ ನಿಯಮಗಳನ್ನು ಕಲಿಸಿದರೆ ಉತ್ತರ ಅರ್ಧ ಸಿಗುತ್ತದೆ, ಇನ್ನರ್ಧಕ್ಕೆ ಎರಡನೇ ಕ್ಯಾಮೆರಾ ಬೇಕು. ಒಂದೊಂದು ಕ್ಯಾಮೆರಾದಿಂದಲೂ ಮಣಿಕಟ್ಟಿಗೆ ಒಂದೊಂದು ದಾರ ಎಳೆದರೆ, ದಾರಗಳು ಕೂಡುವ ಜಾಗವೇ ಮಣಿಕಟ್ಟು. ಮೊಬೈಲುಗಳು ಒಂದಕ್ಕೊಂದು ಎಲ್ಲಿವೆ ಎಂದು ಮೊದಲೇ ತಿಳಿಯಲು ಚದುರಂಗದ ಮನೆಗಳನ್ನು ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿ, ಎರಡರ ಮುಂದೆಯೂ ಆಡಿಸಬೇಕು.

ನಾನು ಎಡವಿದ್ದು ಹೊತ್ತಿನಲ್ಲಿ. ಎರಡೂ ಮೊಬೈಲು ಸೆಕೆಂಡಿಗೆ 30 ಚಿತ್ರ ತೆಗೆಯುತ್ತಿದ್ದವು, ಆದರೆ ಒಂದೇ ಕ್ಷಣದಲ್ಲಲ್ಲ. ಅರ್ಧ ಚಿತ್ರದಷ್ಟು ಹಿಂದುಮುಂದಾದರೆ ಸುಮಾರು 17 ಮಿಲಿಸೆಕೆಂಡಿನ ಅಂತರ. ಅಷ್ಟರಲ್ಲಿ, ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಬೀಸುವ ಕೈ ಸುಮಾರು ಐದು ಸೆಂಟಿಮೀಟರ್ ಸರಿದಿರುತ್ತದೆ. ಎರಡು ದಾರ ಕೂಡಬೇಕಾದ ಜಾಗದಲ್ಲಿ ಕೈಯೇ ಇರುವುದಿಲ್ಲ. ಕೊನೆಗೆ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಸಿ, ಆ ಸದ್ದಿಗೆ ಎರಡೂ ವಿಡಿಯೊ ಹೊಂದಿಸಿದೆ. ಹಳೇ ಸಿನಿಮಾದವರ ಕ್ಲಾಪ್ ಬೋರ್ಡು, ಇನ್ನೇನು! ಆದರೂ ಒಂದು ಚಿತ್ರಕ್ಕಿಂತ ಚಿಕ್ಕದಾದ ಆ ಅಂತರ ಪೂರ್ತಿ ಹೋಗಲಿಲ್ಲ.

ಇನ್ನು ನಡುಕ. ಊಹೆ ಚಿತ್ರದಿಂದ ಚಿತ್ರಕ್ಕೆ ಚೂರು ಬದಲಾಗುವುದರಿಂದ ಗೊಂಬೆ ಚಳಿ ಹಿಡಿದಂತೆ ನಡುಗುತ್ತದೆ. ಹಿಂದಿನ ಹಲವು ಚಿತ್ರಗಳ ಸರಾಸರಿ ತೆಗೆದರೆ ನಡುಕ ನಿಲ್ಲುತ್ತದೆ, ಗೊಂಬೆ ತಡವಾಗುತ್ತದೆ. ನಿಮಿಷಕ್ಕೆ 75 ತಾಳದ ಪೆಟ್ಟು ಎಂದಿಟ್ಟುಕೊಳ್ಳಿ. ಮೂರನೇ ಕಾಲದ, ಅಂದರೆ ಮೂರನೇ ವೇಗದ, ತಟ್ಟಡವಿನಲ್ಲಿ ಪೆಟ್ಟಿಗೆ ನಾಲ್ಕು ಹೆಜ್ಜೆ, ಅಂದರೆ ಹೆಜ್ಜೆಗೆ 200 ಮಿಲಿಸೆಕೆಂಡು. ಗೊಂಬೆ 100 ಮಿಲಿಸೆಕೆಂಡು ತಡಮಾಡಿದರೆ ಹುಡುಗಿ ಕಾಲು ಎತ್ತುವಾಗ ಅದು ಇಡುತ್ತಿರುತ್ತದೆ. ನಿಧಾನಕ್ಕೆ ಚಲಿಸುವಾಗ ಹೆಚ್ಚು ಸೋಸಿ, ಜೋರಾದಾಗ ಸೋಸುವುದನ್ನು ಕಡಿಮೆ ಮಾಡುವುದು ಈಗಿನ ಜಾಣತನ.

ಇವಕ್ಕೆಲ್ಲ ಹೇಗೋ ಮದ್ದಿದೆ. ನನ್ನನ್ನು ಸೋಲಿಸಿದ್ದು ಉದ್ದ ಲಂಗ. ಮಂಡಿ ಎರಡೂ ಪಕ್ಕಕ್ಕೆ ಅಗಲಿಸಿ ಅರ್ಧ ಕೂರುವ ಅರಮಂಡಿಯಲ್ಲಿ ಹುಡುಗಿ ಚೆನ್ನಾಗಿಯೇ ಕೂತಿದ್ದಳು, ಪರದೆಯ ಗೊಂಬೆ ಮಾತ್ರ ಕಾಲು ನೆಟ್ಟಗೆ ಮಾಡಿ, ತೊಡೆ ಅರ್ಧಕ್ಕೆ ಕತ್ತರಿಸಿಕೊಂಡು ನಿಂತಿತ್ತು. ಬಟ್ಟೆಯೊಳಗೆ ಮಂಡಿ ಎಲ್ಲಿದೆ ಎಂದು ಅದಕ್ಕೆ ಹೊಳೆಯಲೇ ಇಲ್ಲ.

ಬುಧವಾರ ಬಸವನಗುಡಿಯ ಡ್ಯಾನ್ಸ್ ಕ್ಲಾಸಿನಿಂದ ಅವಳನ್ನು ಕರೆತರಲು ಹೋಗಿದ್ದೆ. ಮೇಡಂ ಮಣೆಯ ಮೇಲೆ ಕೋಲು ತಟ್ಟುತ್ತಲೇ “ಮಂಡಿ ಇನ್ನೂ ಅಗಲ” ಅಂದರು, ಲಂಗ ತೊಟ್ಟ ಇನ್ನೊಬ್ಬ ಹುಡುಗಿಗೆ. ಮಂಡಿ ನಿಮಗೆ ಹೇಗೆ ಕಂಡಿತು ಎಂದು ಕೇಳಿದೆ.

“ಮಂಡಿ ಎಲ್ಲಿ ಕಾಣತ್ತೆ ಸಾರ್, ಅಂಚು ನೋಡಿ. ಮಂಡಿ ಮುಂದಕ್ಕೆ ಬಂದ್ರೆ ಮುಂದಿನ ಅಂಚು ಮೇಲೇಳತ್ತೆ.”

ಈಗ ಭಾನುವಾರದ ವಿಡಿಯೊದ ಒಂದೊಂದು ಚಿತ್ರವನ್ನೂ ನಿಲ್ಲಿಸಿ, ಲಂಗದ ಅಂಚಿಗೆ ಎಂಟೆಂಟು ಕಡೆ ಕ್ಲಿಕ್ ಮಾಡುತ್ತ ಕೂತಿದ್ದೇನೆ. 140 ಮುಗಿದಿವೆ.