ಸುಮ್ಮನಾದವರನ್ನು ಅಳೆಯುವುದು ಹೇಗೆ?

ಮಾತುಂಗಾ ಇರಲಿ, ಡೊಂಬಿವಲಿ ಇರಲಿ, ಮುಂಬೈ ಕನ್ನಡಿಗರು ಸಿಕ್ಕಲ್ಲೆಲ್ಲ ಈಗ ರೀಡೆವಲಪ್‌ಮೆಂಟ್, ಅಂದರೆ ಹಳೆಯ ಕಟ್ಟಡ ಕೆಡವಿ ಬಿಲ್ಡರ್ ಕೈಲಿ ಹೊಸದು ಕಟ್ಟಿಸುವ ಮಾತೇ ಜಾಸ್ತಿ. ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಡ ಎಂದು ಯಾರೋ ಒಬ್ಬರು ಬರೆಯುತ್ತಾರೆ. ಉಳಿದವರು ಅವರ ಮೇಲೆ ಮುಗಿಬೀಳುತ್ತಾರೆ. ಆಮೇಲೆ ಅವರ ಸದ್ದೇ ಇರುವುದಿಲ್ಲ. 'ಎಲ್ಲರೂ ಒಪ್ಪಿದ್ದಾರೆ' ಎಂಬ ಮಾತು ಹುಟ್ಟುವುದೇ ಆಗ. ಜನರ ಅಭಿಪ್ರಾಯ ಅಳೆಯುವುದು ನನ್ನ ಕಸುಬು. ಈ ಮಾತು ನನಗೆ ನಿಜಕ್ಕೂ ಕಳವಳ ತರುತ್ತದೆ.

ಜನಾಭಿಪ್ರಾಯದ ಸಂಶೋಧಕಿ, ಜರ್ಮನಿಯ ಎಲಿಜಬೆತ್ ನೋಯೆಲ್-ನಾಯ್‌ಮನ್ 1974ರಲ್ಲಿ ಇದನ್ನು 'ಮೌನದ ಸುರುಳಿ' ಎಂದು ಕರೆದರು. ತಾವು ಕಡಿಮೆ ಜನ ಎನಿಸಿದವರು ಒಂಟಿಯಾಗುವ ಭಯಕ್ಕೆ ಸುಮ್ಮನಾಗುತ್ತಾರೆ. ಅದರಿಂದ ಅವರು ಇನ್ನೂ ಕಡಿಮೆ ಇದ್ದಂತೆ ಕಾಣುತ್ತಾರೆ. ನೋಯೆಲ್-ನಾಯ್‌ಮನ್ ಇದನ್ನು ಅಳೆದ ರೀತಿ ನನಗೆ ತುಂಬಾ ಇಷ್ಟ. 'ಹೆದರಿಕೆಯಾ?' ಎಂದು ನೇರವಾಗಿ ಕೇಳಲಿಲ್ಲ. ಐದು ಗಂಟೆಯ ರೈಲು ಪ್ರಯಾಣದಲ್ಲಿ ಜೊತೆಗಿದ್ದವರು ಒಂದು ವಿವಾದದ ವಿಷಯ ಎತ್ತಿದರೆ ಮಾತಿಗೆ ಇಳಿಯುತ್ತೀರಾ ಎಂದು ಕೇಳಿದರು.

ಆನ್‌ಲೈನ್‌ನಲ್ಲಾದರೂ ಧೈರ್ಯ ಬರಬೇಕಲ್ವಾ? 2013ರಲ್ಲಿ ಅಮೆರಿಕದ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ, ಸರ್ಕಾರ ಜನರ ಫೋನ್, ಇಮೇಲ್ ಮೇಲೆ ಕಣ್ಣಿಟ್ಟಿದ್ದನ್ನು ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಪ್ರಕರಣದ ಬಗ್ಗೆ 1,801 ಜನರನ್ನು ಕೇಳಿತು. ಎದುರೆದುರು ಮಾತಾಡಲು 86% ಜನ ಸಿದ್ಧರಿದ್ದರು. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧರಿದ್ದವರು 42% ಮಾತ್ರ.

ಹಾಗಾಗಿ ಮೆಸೇಜು ಎಣಿಸಿದರೆ ಸಿಗುವುದು ಮಾತಾಡಿದವರ ಲೆಕ್ಕ ಅಷ್ಟೇ. ಮೌನ ಅಳೆಯಲು ಮೊದಲು ಆ ಮನುಷ್ಯನ ಮಾಮೂಲಿ ಮಾತು ಎಷ್ಟು ಅಂತ ಗೊತ್ತಿರಬೇಕು. ಕೆಲವರು ಎಂದೂ ಬರೆಯುವುದಿಲ್ಲ, ಸುಮ್ನೆ ಓದುತ್ತಾರೆ. ಅವರನ್ನು ಯಾರೂ ಬಾಯಿ ಮುಚ್ಚಿಸಿಲ್ಲ. ಆದರೆ ಪಾರ್ಕಿಂಗ್, ನೀರಿನ ಟ್ಯಾಂಕರ್ ಬಗ್ಗೆ ದಿನಾ ಬರೆಯುವವರು ಈ ಒಂದು ವಿಷಯ ಬಂದಾಗ ಮಾತ್ರ ಮಾಯವಾದರೆ ಗಮನಿಸಬೇಕು. ಆಗಲೂ ತೀರ್ಮಾನಕ್ಕೆ ಬರುವ ಹಾಗಿಲ್ಲ. ಅವರು ಮನಸ್ಸು ಬದಲಿಸಿರಬಹುದು, ಬೇಜಾರಾಗಿ ಬಿಟ್ಟಿರಬಹುದು. ಅದಕ್ಕೇ ಗುಂಪಿನ ಹೊರಗೆ, ಹೆಸರಿಲ್ಲದೆ ಕೇಳಬೇಕು.

ವಾಟ್ಸ್‌ಆ್ಯಪ್ ಪೋಲ್ ಇದಕ್ಕೆ ಆಗುವುದಿಲ್ಲ. ಯಾರು ಯಾವುದಕ್ಕೆ ಒತ್ತಿದರು ಅಂತ ಗುಂಪಿಗೆಲ್ಲ ಕಾಣುತ್ತದೆ. ಕಾಗದದ ಚೀಟಿ ಸಾಕು. ಬರೆಸಬೇಡಿ, ಕೈಬರಹ ಗುರುತು ಸಿಗುತ್ತದೆ. ಟಿಕ್ ಹಾಕಿಸಿ. ಪ್ರಶ್ನೆ ಎರಡೇ: ನಿಮಗೆ ಬೇಕಾ, ಬೇಡವಾ? ಹತ್ತು ಮನೆಯಲ್ಲಿ ಎಷ್ಟು ಮನೆಯವರು ಬೇಡ ಎನ್ನುತ್ತಾರೆ ಅಂತ ನಿಮಗೆ ಅನಿಸುತ್ತದೆ? ನಿಜವಾಗಿ ಬೇಡ ಎಂದವರಿಗಿಂತ ಜನರ ಅಂದಾಜು ತುಂಬಾ ಕಡಿಮೆ ಬಂದರೆ, ಆ ಅಂತರವನ್ನು ಬಿಲ್ಡರ್ ಜೊತೆ ಸಹಿ ಹಾಕುವ ಮುಂಚೆಯೇ ನೋಟಿಸ್ ಬೋರ್ಡಿಗೆ ಹಾಕಿ.