ಎರಡು ಪದ ಸಾಕು, ಮೂರನೆಯದು ಸಾಕ್ಷಿ

ಒಂದು ಪರಿಮಾಣ (1 + ಕ×ಚ) ಎಂಬುದರ ಘಾತವಾಗಿ ಬದಲಾಗುತ್ತದೆ ಎಂಬ ಮಾದರಿ ನಮ್ಮ ಮುಂದಿದೆ ಎನ್ನೋಣ. ಚ ಎಂಬುದು ಚರ. ಸ್ಥಿರಾಂಕ ಕ ಎಷ್ಟು, ಘಾತಸೂಚಿ ಘ ಎಷ್ಟು, ಎರಡೂ ಗೊತ್ತಿಲ್ಲ. ಚ ತೀರ ಚಿಕ್ಕದಾಗಿದ್ದಾಗ ಮಾಡಿದ ಅಳತೆಗಳು ಮಾತ್ರ ಕೈಯಲ್ಲಿವೆ. ಅವು 1 + 6ಚ + 16ಚ² ಎಂಬುದಕ್ಕೆ ಹೊಂದುತ್ತವೆ. ಬೆಳೆಯ ಸಿರಿ ಮೊಳಕೆಯಲ್ಲಿ ಎನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ.

ಇಂಥ ಘಾತವನ್ನು ಪದಪದವಾಗಿ ಬಿಡಿಸಿದಾಗ ಸಿಗುವುದೇ ದ್ವಿಪದ ಶ್ರೇಣಿ. ಅದರಲ್ಲಿ ಚದ ಸಹಗುಣಕ, ಅಂದರೆ ಚವನ್ನು ಗುಣಿಸುವ ಸಂಖ್ಯೆ, ಘ×ಕ. ಚ²ದ ಸಹಗುಣಕ ಘ(ಘ−1)ಕ²/2. ಮೊದಲನೆಯದರ ವರ್ಗದಿಂದ ಎರಡನೆಯದರ ಇಮ್ಮಡಿಯನ್ನು ಕಳೆಯಿರಿ. ಘ²ಕ² ಪೂರ್ತಿ ಅಳಿಸಿಹೋಗಿ ಘ×ಕ² ಮಾತ್ರ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು 36 − 32, ಅಂದರೆ 4. ಇದನ್ನು ಘ×ಕ, ಅಂದರೆ 6ರಿಂದ ಭಾಗಿಸಿದರೆ ಕ = 2/3; ಆದ್ದರಿಂದ ಘ = 9. ಎಷ್ಟು ಸಲ ಮಾಡಿದರೂ ನನಗೆ ಈ ಹೆಜ್ಜೆಯ ಚೆಲುವು ಕಡಿಮೆಯಾಗಿಲ್ಲ.

ಎರಡು ಅಜ್ಞಾತಗಳಿಗೆ ಎರಡು ಪದ ಸಾಕು. ಆದರೆ ಮಾದರಿಯೇ ಸರಿಯೇ ಎಂದು ಹೇಳಬೇಕಾದುದು ಮೂರನೆಯ ಪದ, ಅಂದರೆ ಚ³ದ ಪದ. ಇಲ್ಲಿ ಅದರ ಸಹಗುಣಕ 224/9, ಸುಮಾರು 24.9 ಆಗಲೇಬೇಕು. ಅಳತೆ 40 ಎಂದರೆ ಕೈಬಿಡಬೇಕಾದುದು ಅಳತೆಯನ್ನಲ್ಲ, ಮಾದರಿಯನ್ನು.

ಘಾತಸೂಚಿ ಪೂರ್ಣಾಂಕವೇ ಆಗಿರಬೇಕಿಲ್ಲ ಎಂಬುದನ್ನು ನ್ಯೂಟನ್ 1665ರ ಹೊತ್ತಿಗೆ ಕಂಡುಕೊಂಡಿದ್ದ. 1676ರಲ್ಲಿ ಲೈಬ್ನಿಟ್ಸ್‌ಗಾಗಿ ಬರೆದ ಪತ್ರಗಳಲ್ಲಿ ಅದನ್ನು ವಿವರಿಸಿದ. ಭಿನ್ನರಾಶಿ ಅಥವಾ ಋಣಸಂಖ್ಯೆಯಾದರೆ ಶ್ರೇಣಿಗೆ ಕೊನೆಯಿಲ್ಲ. ಚಿಹ್ನೆ ಬಿಟ್ಟು ನೋಡಿದಾಗ ಕ×ಚ 1ಕ್ಕಿಂತ ಕಡಿಮೆಯಿದ್ದರೆ ಅದನ್ನು ನಂಬಬಹುದು. ಇನ್ನೊಂದು ಸೂಕ್ಷ್ಮವಿದೆ. ಮೊದಲ ಸಹಗುಣಕದ ವರ್ಗ ಎರಡನೆಯದರ ಇಮ್ಮಡಿಗೆ ಸರಿಸಮವಾದರೆ ಕ ಸೊನ್ನೆಯಾಗುತ್ತದೆ, ಘ ಅನಂತಕ್ಕೆ ಓಡುತ್ತದೆ. ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಕಿಲ್ಲ: ಅದು ಘಾತೀಯ ಬೆಳವಣಿಗೆಯ, ಅಂದರೆ ಇರುವ ಮೊತ್ತಕ್ಕೆ ತಕ್ಕ ಅನುಪಾತದಲ್ಲೇ ಬೆಳೆಯುವುದರ ಗುರುತು.

ಭೌತಶಾಸ್ತ್ರದ ನಿದರ್ಶನವೊಂದನ್ನು ನೋಡೋಣ. ವೇಗದ ವರ್ಗವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದ್ದನ್ನು ಚ ಎನ್ನಿ. ಚಲಿಸುವ ಕಣದ ಒಟ್ಟು ಶಕ್ತಿಯನ್ನು ಅದರ ನಿಶ್ಚಲ ಶಕ್ತಿಯಿಂದ (ಕಣ ನಿಂತಿದ್ದಾಗಲೂ ಅದಕ್ಕಿರುವ ಶಕ್ತಿಯಿಂದ) ಭಾಗಿಸಿದರೆ 1 + (1/2)ಚ + (3/8)ಚ² ಎಂದು ಶುರುವಾಗುತ್ತದೆ. ಮೇಲಿನ ಸೂತ್ರಕ್ಕೆ ಹಾಕಿದರೆ ಕ = −1, ಘ = −1/2. ಅಂದರೆ ಚ 1ನ್ನು ಮುಟ್ಟಿದಾಗ ಶಕ್ತಿ ಅನಂತವಾಗುತ್ತದೆ. ಬೆಳಕಿನ ವೇಗದ ಗೋಡೆ ದೂರದಲ್ಲಿದ್ದರೂ ಅದರ ಸುಳಿವು ಈ ಎರಡು ಪುಟ್ಟ ಪದಗಳಲ್ಲಿದೆ!

ಹಾಗಾದರೆ ಅದು ಬಹುಕಾಲ ಕಾಣಲಿಲ್ಲವೇಕೆ? ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಚ ಸುಮಾರು ನೂರು ಲಕ್ಷ ಕೋಟಿಯಲ್ಲಿ ಒಂದು ಭಾಗ. ಅದರ ವರ್ಗ ಯಾವ ಉಪಕರಣಕ್ಕೂ ಸಿಗದು. ಮೊದಲ ಪದ ಕೊಡುವುದು ಘ, ಕಗಳ ಗುಣಲಬ್ಧವನ್ನಷ್ಟೇ, ಅವುಗಳನ್ನು ಬಿಡಿಸಿ ಕೊಡುವುದಿಲ್ಲ. ಬೆಳಕಿನ ಅರ್ಧ ವೇಗದಲ್ಲಿ ಹಾರುವ ಎಲೆಕ್ಟ್ರಾನ್‌ಗೆ ಮೊದಲ ಪದ 0.125, ಎರಡನೆಯದು ಸುಮಾರು 0.023. ಈಗ ಎರಡನೆಯದು ಅಳತೆಗೆ ಸಿಗುತ್ತದೆ. ಆದರೆ ಅಷ್ಟರಲ್ಲಿ ಮೂರನೆಯದೂ 0.005ರಷ್ಟಾಗಿ ಬಂದು ಸೇರಿರುತ್ತದೆ. ಅದನ್ನು ಮರೆತು ಎರಡೇ ಪದಗಳನ್ನು ಹೊಂದಿಸಿದರೆ ಎರಡನೆಯ ಸಹಗುಣಕ ಉಬ್ಬುತ್ತದೆ, ಅದರ ಹಿಂದೆಯೇ ಕ ಕೂಡ ದಾರಿ ತಪ್ಪುತ್ತದೆ.